ಯಾರೂ ಎಣಿಸದ ಹನ್ನೊಂದು ದಿನ

ಅಮೆರಿಕದಲ್ಲಿ ಫೆಡರಲ್ ಜಡ್ಜ್‌ಗಿರಿ ಎಂದರೆ ಸಾಯುವ ತನಕದ ಹುದ್ದೆ. ಕೂತವರನ್ನು ಸುಲಭಕ್ಕೆ ಯಾರೂ ಎಬ್ಬಿಸುವಂತಿಲ್ಲ. ಡಕೋಟಾ ಬಯಲಿನ ಕೋರ್ಟೊಂದರಲ್ಲಿ ಇಪ್ಪತ್ತಾರು ವರ್ಷ ಕೂತಿದ್ದ ಎಲ್ಡನ್ ಹೌಗನ್ ತಾವಾಗಿಯೇ ಎದ್ದು, ತಮ್ಮ ದೊಡ್ಡ ಕೊಠಡಿಯನ್ನು ಹೊಸ ಜಡ್ಜಿಗೆ ಬಿಟ್ಟುಕೊಡಲು ಹೊರಟರು. ಕಪಾಟು ಖಾಲಿ ಮಾಡುವುದೊಂದೇ ಬಾಕಿ. ಆದರೆ ಮನುಷ್ಯನಿಗೆ ಕೆದಕುವ ಚಟ. ಒಂದು ದಿನದ ಕೆಲಸ ಮೂರು ವಾರ ಹಿಡಿಯಿತು. ತಾವು ಶಿಕ್ಷೆ ಕೊಟ್ಟವರ ಕಡತ ಬಿಚ್ಚಿದಾಗಲೆಲ್ಲ ಅದೇ ಪ್ರಶ್ನೆ: "ಇವನು ಈಗ ಏನ್ ಮಾಡ್ತಿರಬಹುದು?"

"ನಿಮ್ಮನ್ನ ಬೈಕೊಂಡು ಊಟ ಮಾಡ್ತಿರ್ತಾನೆ," ಎಂದಳು ಮಾರ್ವಿಸ್. ಮೊದಲ ದಿನದಿಂದಲೂ ಅವರ ಕಾರ್ಯದರ್ಶಿ. ಅವಳಿಗೆ ಹೆದರಿಕೆ ಎಂಬುದಿಲ್ಲ.

ಹೀಗೆ ಸಿಕ್ಕಿದ್ದು ಡೆಲ್ಮರ್ ಫೋಯ್ಟ್‌ನ ಕಡತ. ಕದ್ದ ಟ್ರ್ಯಾಕ್ಟರುಗಳನ್ನು ರಾಜ್ಯದ ಗಡಿ ದಾಟಿಸಿದವನು. ಶಿಕ್ಷೆಗೊಂದು ಕೋಷ್ಟಕವಿದೆ: ಅಪರಾಧಕ್ಕೆ ಸಾಲು, ಹಳೆಯ ಪಾಪಗಳಿಗೆ ಕಾಲಂ. ಹುಡುಗುತನದ ಸಣ್ಣ ಕಳ್ಳತನವೊಂದು ಅವನನ್ನು ಮುಂದಿನ ಕಾಲಮ್ಮಿಗೆ, ಅಂದರೆ ಹೆಚ್ಚಿನ ಶಿಕ್ಷೆಗೆ, ದೂಡಿತ್ತು. ಹೊಸ ಅಪರಾಧದ ಹೊತ್ತಿಗೆ ಅಂಥ ಸಣ್ಣ ತಪ್ಪಿನ ಶಿಕ್ಷೆಗೆ ಹತ್ತು ವರ್ಷ ದಾಟಿದ್ದರೆ ಅದು ಎಣಿಕೆಗಿಲ್ಲ. ಹೌಗನ್ ಸುಮ್ಮನೆ ಕುತೂಹಲಕ್ಕೆ ತಾರೀಖು ಎಣಿಸಿದರು. ಹತ್ತು ವರ್ಷ, ಹನ್ನೊಂದು ದಿನ.

ಶಿಕ್ಷೆಗೆ ಮುಂಚಿನ ವರದಿ ಬರೆದ ಅಧಿಕಾರಿ, ಇಬ್ಬರು ವಕೀಲರು, ಒಬ್ಬ ಜಡ್ಜು. ನಾಲ್ಕು ಜನ ಓದಿದವರಲ್ಲಿ ಒಬ್ಬರೂ ಎಣಿಸಿರಲಿಲ್ಲ. ಡೆಲ್ಮರ್ ಒಂಬತ್ತು ತಿಂಗಳು ಹೆಚ್ಚಿಗೆ ಒಳಗಿದ್ದ.

"ನಾನು ಹೋಗಿ ಹೇಳ್ಬೇಕು," ಎಂದರು ಹೌಗನ್.

"ಕೇಸು ಮುಗಿದು ಯಾವ ಕಾಲ ಆಯ್ತು. ಜಡ್ಜು ಮಾತಾಡೋದಿದ್ರೆ ಆದೇಶದಲ್ಲಿ ಮಾತಾಡ್ಬೇಕು, ಅಪರಾಧಿ ಅಡುಗೆಮನೇಲಲ್ಲ. ನೀವೇ ಹೇಳ್ಕೊಟ್ಟಿದ್ದು."

"ಅವನಿಗೆ ಗೊತ್ತಾಗ್ಬೇಡ್ವಾ ಮಾರ್ವಿಸ್?"

"ಗೊತ್ತಾಗಿ? ಒಂಬತ್ತು ತಿಂಗಳು ವಾಪಸ್ ಕೊಡ್ತೀರಾ?"

ಹೌಗನ್ ಡೆಲ್ಮರ್‌ನ ವಿಳಾಸ ಹುಡುಕಿ ಬರೆದುಕೊಂಡರು. ಶನಿವಾರ ಬೆಳಿಗ್ಗೆ ಕಾರು ಹತ್ತಿದರು.

ಬಾಗಿಲು ತೆರೆದ ಡೆಲ್ಮರ್ ನೋಡಿದ ಕೂಡಲೇ ಗುರುತು ಹಿಡಿದ. ತಲೆ ನರೆತಿತ್ತು, ಕೈಯೆಲ್ಲ ಗ್ರೀಸ್. ಒಳಗೆ ಕರೆದು, ಕಾಫಿ ಬಗ್ಗಿಸಿ, ಹಣ್ಣಿನ ಕೇಕಿನ ತುಂಡೊಂದನ್ನು ಮುಂದಿಟ್ಟ. ಹೌಗನ್ ಕಾಗದ ಬಿಡಿಸಿ ವಿವರಿಸತೊಡಗಿದರು.

"ಹನ್ನೊಂದು ದಿನ," ಎಂದ ಡೆಲ್ಮರ್, ಕಾಗದ ನೋಡದೆಯೇ.

"ನಿಮಗೆ ಗೊತ್ತಿತ್ತಾ?"

"ಜೈಲಲ್ಲಿ ಎಣಿಸೋದು ಬಿಟ್ರೆ ಬೇರೆ ಏನಿದೆ ಸಾಹೇಬ್ರೆ? ಮೊದಲ್ನೇ ಚಳಿಗಾಲದಲ್ಲೇ ಎಣಿಸ್ದೆ. ಪೆನ್ಸಿಲಲ್ಲಿ ನಾಕು ಪುಟ ಬರೆದು ನಿಮಗೇ ಕಳಿಸ್ದೆ. ಒಂದು ಸಾಲಿನ ಉತ್ತರ ಬಂತು. ಅರ್ಜಿ ತಿರಸ್ಕರಿಸಲಾಗಿದೆ ಅಂತ. ಕೆಳಗೆ ನಿಮ್ಮ ಸಹಿ."

ಹೌಗನ್ ಕೈಯ ಚಮಚ ಕೆಳಗಿಟ್ಟರು. ಕೈದಿಗಳ ಪತ್ರಗಳು ಕಂತೆಗಟ್ಟಲೆ ಬರುತ್ತಿದ್ದವು. ಹೊಸದಾಗಿ ಕಾನೂನು ಓದಿ ಬಂದ ಸಹಾಯಕರು ಬೇರ್ಪಡಿಸಿ, ಉತ್ತರ ಅಚ್ಚು ಹಾಕಿ, ಶುಕ್ರವಾರ ಮಧ್ಯಾಹ್ನ ಮುಂದಿಡುತ್ತಿದ್ದರು. ಹೌಗನ್ ಸಹಿ ಹಾಕುತ್ತ ಹೋಗುತ್ತಿದ್ದರು. ತೀರ್ಪು ತಿದ್ದುವ ಗಡುವು ಅಷ್ಟರಲ್ಲಿ ಮೀರಿತ್ತು ಎಂಬ ಉತ್ತರ ಈಗಲೂ ನಾಲಿಗೆಯ ತುದಿಯಲ್ಲೇ ಇತ್ತು. ಸುಳ್ಳೂ ಅಲ್ಲ ಅದು.

"ಸಿಟ್ಟಿಲ್ಲ ಅಂತ ಹೇಳಲ್ಲ," ಎಂದ ಡೆಲ್ಮರ್. "ಆ ಒಂಬತ್ತು ತಿಂಗಳಲ್ಲೇ ನನ್ನ ಮಗಳು ನಡೆಯೋಕೆ ಕಲಿತ್ಲು. ಆದ್ರೆ ಇಷ್ಟು ವರ್ಷ ನಂಗೆ ತಿಳ್ಕೋಬೇಕು ಅಂತ ಇದ್ದದ್ದು ಒಂದೇ. ನನ್ನ ಪತ್ರ ಓದಿ ಬೇಡ ಅಂದ್ರಾ, ಓದ್ದೇ ಬೇಡ ಅಂದ್ರಾ?"

ಹೌದೋ ಅಲ್ಲವೋ ಅಷ್ಟೇ ಹೇಳಿ ಎಂದು ಸಾವಿರಾರು ಸಾಕ್ಷಿಗಳನ್ನು ತಡೆದಿದ್ದ ಮನುಷ್ಯ ಈಗ ತಾವೂ ಅಷ್ಟೇ ಹೇಳಿದರು.

"ಓದಲಿಲ್ಲ."

ಡೆಲ್ಮರ್ ಎದುರಿನ ಕುರ್ಚಿ ಎಳೆದು ಕೂತ.

"ಸದ್ಯ," ಎಂದ. "ಓದಿ, ನನ್ನ ಎಣಿಕೆ ಸರಿ ಅಂತ ಗೊತ್ತಾಗಿಯೂ ಬೇಡ ಅಂದಿದ್ರೇನೋ ಅಂದ್ಕೊಂಡಿದ್ದೆ."