ಹಡಗಿನ ಪಕ್ಕೆಯ ಬಾವುಟ

ಅಗಸೆ ಎಣ್ಣೆಯಲ್ಲಿ ಕದಡಿದ ಬಣ್ಣದ ವಾಸನೆಯೆಂದರೆ ನನಗೆ ಬಾಲ್ಯ. ಎರಡನೇ ಮಹಾಯುದ್ಧದ ಮೊದಲ ಚಳಿಗಾಲ ನಮ್ಮ ನಾರ್ವೆ ಯಾರ ಕಡೆಗೂ ಇರಲಿಲ್ಲ. ಅದು ದೂರಕ್ಕೇ ತಿಳಿಯಲೆಂದು ಅಪ್ಪ ಹಡಗುಗಳ ಪಕ್ಕೆಗೆ ನಮ್ಮ ದೇಶದ ಬಾವುಟ ಬಿಡಿಸುತ್ತಿದ್ದ. ಅಣ್ಣ ಸ್ವೆರ್ರೆ ಅಂಥದೊಂದು ಹಡಗಿನಲ್ಲಿ ದುಡಿಯುತ್ತಿದ್ದ.

“ಇನ್ನೂ ದೊಡ್ಡದಾಗಿ ಬರಿ ಆಸ್ಲಾಕ್. ಬಾವುಟ ಕಂಡ್ರೆ ಯಾರೂ ಮುಟ್ಟಲ್ಲ,” ಎಂದರು ಅಪ್ಪನಿಗೆ, ಆ ಹಡಗಿನ ಮಾಲೀಕ ಹಾಮ್ರೆ.

“ಹಾಗಾದ್ರೆ ನೀವೂ ಒಂದ್ಸಲ ಹತ್ತಿ ಹೋಗ್ಬನ್ನಿ ಯಜಮಾನ್ರೇ,” ಎಂದಳು ಅಮ್ಮ.

ಅವರು ಹತ್ತಲಿಲ್ಲ. ಮಾರ್ಚ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಸರಿಯಾಗಿ ಬಾವುಟಕ್ಕೇ ಬಡಿಯಿತು, ಅಣ್ಣ ಮರಳಲಿಲ್ಲ. ಏಪ್ರಿಲ್‌ನಲ್ಲಿ ಜರ್ಮನ್ ಸೈನಿಕರು ಬಂದಿಳಿದು ಹಾಮ್ರೆಯವರ ಮನೆಯನ್ನೇ ಹಿಡಿದರು. ಅದರ ಬಾಗಿಲ ಮೇಲೂ ಅದೇ ನಾರ್ವೆಯ ಬಾವುಟವಿತ್ತು, ಬಲು ದೊಡ್ಡದು.

ಆ ಸಂಜೆ ಹಾಮ್ರೆ ನಮ್ಮ ಹೊಸ್ತಿಲಲ್ಲಿ ಟೋಪಿ ಹಿಡಿದು ನಿಂತಿದ್ದರು. ಅಮ್ಮ ಅಣ್ಣನ ಬಟ್ಟಲಿಗೆ ಮೀನಿನ ಸಾರು ಬಡಿಸಿ ಅವರ ಕೈಗಿತ್ತಳು.