ಭರಣಿಯ ಉಪ್ಪು

ಧೂಳಪ್ಪ ಭರಣಿಯನ್ನು ಕುಣಿಯ ಮೇಲೆ ಬೋರಲು ಹಿಡಿದ. ತಮ್ಮ ಅಂಬಾದಾಸನ ಹೆಣಕ್ಕೆ ಸುತ್ತಿದ್ದ ಒದ್ದೆ ಬಟ್ಟೆಯ ಮೇಲೆ ಉಪ್ಪು ಸುರಿಯಿತು. ಗುಲಾಬಿ ಬಣ್ಣದ ಉಪ್ಪು.

"ಯಾವ ಉಪ್ಪಲೇ ಇದು?" ಒಬ್ಬ ಕೇಳಿದ.

"ಮನ್ಯಾಗಿಂದು. ಸತ್ತಾವ್ಗ ಬ್ಯಾರೆ ಸಂತಿ ಮಾಡ್ಬೇಕಿತ್ತೇನು?"

"ನಿಲ್ಲಸ್ರಿ! ಅದು ತಿನ್ನೋ ಉಪ್ಪಲ್ಲ!"

ಟಿಕೋಟಾದಲ್ಲಿ ಬಸ್ಸಿಳಿದು ಘೋಣಸಗಿಗೆ ಓಡಿಬಂದಿದ್ದ ಗುರಲಿಂಗಪ್ಪ ಕೂಗಿದ. ಬಿಜಾಪುರದ ಕಾಲೇಜಿನಲ್ಲಿ ಅಂಬಾದಾಸನ ಜೊತೆ ಪಾಠ ಮಾಡುತ್ತಿದ್ದವನು. ಹೆಣ ನೋಡಲಷ್ಟೇ ಅಲ್ಲ, ಆ ಭರಣಿಗಾಗಿಯೂ ಬಂದಿದ್ದ.

"ತಿನ್ನಾವ ಎಲ್ಲಿ ಅದಾನ್ರಿ ಇಲ್ಲಿ?" ಧೂಳಪ್ಪ ಗದರಿದ.

*

೧೯೭೬ರ ಬೇಸಿಗೆಯಲ್ಲಿ ಅಂಬಾದಾಸ ಊರ ಸವಳು ನೀರಿನ ಗುಂಡಿಯಿಂದ ಆ ಉಪ್ಪು ಕೆರೆದು ತಂದಿದ್ದ. ಸೂಕ್ಷ್ಮದರ್ಶಕದಡಿ ಅದರ ಬ್ಯಾಕ್ಟೀರಿಯಾ ಮಿಸುಕಾಡುತ್ತಿತ್ತು. ಬಣ್ಣ ಹಾಕಿ ನೋಡಿದ, ಬಗೆಬಗೆಯ ಸಕ್ಕರೆ ಉಣಿಸಿ ನೋಡಿದ. ಪುಸ್ತಕದ ಯಾವ ಜಾತಿಗೂ ಅದು ಹೊಂದಲಿಲ್ಲ.

"ಹೊಸಾದು, ಗುರಲಿಂಗ. ನಮ್ಮೂರ ಹೆಸರು ಇಡಾಂವ ನಾ."

"ಮೊದ್ಲ ದೊಡ್ಡ ಪ್ರಯೋಗಾಲಯಕ್ಕ ಜೀವಂತ ಕಳಸು. ಮಾದರಿ ಸತ್ರ ಹೆಸರು ಯಾರೂ ಒಪ್ಪಂಗಿಲ್ಲ."

"ಉಪ್ಪಿನಾಗ ಅದು ನಮಗಿಂತ ಹೆಚ್ಚು ಬಾಳತದ. ಸೀನೀರು ಬಿದ್ರ ಮಾತ್ರ ಒಡದು ಸಾಯ್ತದ."

ಮಳೆಗೆ ಗುಂಡಿ ಕೊಚ್ಚಿಹೋಯಿತು. ಅಂಬಾದಾಸ ಜ್ವರದಿಂದ ಮಲಗಿದಾಗ, ಕಾಲೇಜಿನಲ್ಲಿ ಅದನ್ನು ಬೆಳೆಸಿದ್ದ ಗಾಜಿನ ನಳಿಗೆಗಳನ್ನು ಯಾರೋ ತೊಳೆದಿಟ್ಟರು. ಮನೆಯ ಭರಣಿಯೊಂದೇ ಉಳಿದಿತ್ತು.

*

"ಭರಣಿ ನಾನ ಕೊಟ್ಟೇನ್ರಿ," ಎಂದಳು ಕುಣಿಯ ಪಕ್ಕ ನಿಂತಿದ್ದ ಅಂಬಾದಾಸನ ಹೆಂಡತಿ ಹನಮವ್ವ. "ನನ್ನ ಕೂಡ ಆಡದ ಮಾತು ಅದರ ಕೂಡ ಆಡ್ತಿದ್ರು. ಮುಂಜಾನಿಂದ ಅದರಾಗ ಅವರ ಉಸುರು ಕೇಳಾಕತ್ತದ. ಮನ್ಯಾಗ ಹ್ಯಾಂಗ ಇಟ್ಕೊಳ್ಳಲಿ?"

ಗುರಲಿಂಗಪ್ಪ ಕುಣಿಯೊಳಗೆ ಕೈ ಚಾಚಿದ. ಧೂಳಪ್ಪ ರಟ್ಟೆ ಹಿಡಿದ. "ಹೆಣದ ಪಾಲು ತಿರುಗಿ ತಗೀತೀರೇನು ಮಾಸ್ತರ? ನಾಚಿಕಿ ಬರಂಗಿಲ್ಲ?"

ಕೆಳಗೆ ಉಪ್ಪು ಒದ್ದೆ ಬಟ್ಟೆಯಲ್ಲಿ ಕರಗುತ್ತಿತ್ತು.

ಹನಮವ್ವ ಭರಣಿ ತೆಗೆದುಕೊಂಡು, ತಳ ಕೆರೆದು, ಕೊನೆಯ ಹಿಡಿಯನ್ನು ಗುರಲಿಂಗಪ್ಪನ ಬಲಗೈಗೆ ಹಾಕಿದಳು. "ಗೆಳ್ಯಾರು ನೀವು. ನೀವೂ ಹಾಕ್ರಿ."

ಎಲ್ಲರೂ ನೋಡುತ್ತಿದ್ದರು. ಗುರಲಿಂಗಪ್ಪ ಕೈ ಚಾಚಿ ಬೆರಳು ಸಡಿಲಿಸಿದ. ಅರ್ಧ ಉದುರಿತು. ಮತ್ತೆ ಮುಷ್ಟಿ ಬಿಗಿದ.

ಮಣ್ಣು ಮುಗಿದ ಮೇಲೆ ಮಂದಿ ಬಾವಿಯ ಬಳಿ ಸಾಲಾಗಿ ಕೈಕಾಲು ತೊಳೆದರು. ಧೂಳಪ್ಪ ಸೀನೀರಿನ ತಂಬಿಗೆ ಬಗ್ಗಿಸಿದ.

"ಎರಡೂ ಕೈ ಒಡ್ರಿ. ಮಣ್ಣಿಗಿ ಬಂದ ಕೈ, ತೊಳೀಲಾರ್ದ ಮನಿಗಿ ಹೋಗಬಾರದು."

ಗುರಲಿಂಗಪ್ಪ ಎಡಗೈ ಒಡ್ಡಿದ. ಬಲಗೈ ಬೆನ್ನ ಹಿಂದಿತ್ತು. ಬೆವರಿಗೆ ಕರಗಿದ ಉಪ್ಪು ಬೆರಳ ಸಂದಿಯಲ್ಲಿ ಗುಲಾಬಿಯಾಗಿ ಇಣುಕುತ್ತಿತ್ತು.

ಹಿಂದೆ ನಿಂತಿದ್ದ ಹನಮವ್ವ ಅದನ್ನು ಕಂಡಳು. ಸೆರಗು ಸರಿಸಿ, ಬಗ್ಗಿ, ಆ ಮುಷ್ಟಿಗೆ ಕಿವಿಯಿಟ್ಟಳು.