ಹನುಮೇಶನ ಅಂಗಡಿಯ ಹೊಟ್ಟು ಗೊಬ್ಬರವಾದದ್ದು

ಕಮರಿಪೇಟೆಯ ಹನುಮೇಶನ ಬಡಿಗತನದ ಅಂಗಡಿಯಲ್ಲಿ ಕೆಲಸಕ್ಕೆ ಬರವಿರಲಿಲ್ಲ, ಮರದ ಹೊಟ್ಟಿಗಂತೂ ಇರಲೇ ಇಲ್ಲ. ಸಂಜೆಯಾದರೆ ಅದನ್ನು ಹಿತ್ತಿಲಿಗೆ ತಳ್ಳಿ ಬೆಂಕಿ ಹಚ್ಚುತ್ತಿದ್ದ. ಹೊಗೆ ಮನೆತುಂಬ ಹಬ್ಬಿ, ದಮ್ಮಿನ ರೋಗದ ಅವನ ತಾಯಿ ಶೇವಂತೆವ್ವ ಕೆಮ್ಮಿ ಕೆಮ್ಮಿ ಹಣ್ಣಾಗುತ್ತಿದ್ದಳು. ಹನುಮೇಶನ ಹೆಂಡತಿ ಪ್ರಭಾವತಿ ಅತ್ತೆಯ ಬೆನ್ನು ನೀವುತ್ತಾ ಕೂರುತ್ತಿದ್ದಳು.

ಅವಳ ಮಹಿಳಾ ಸಂಘದ ಗೆಳತಿ ನಜ್ಮಾ ಗೊಬ್ಬರ ಮಾಡುವ ತರಬೇತಿ ಮುಗಿಸಿ ಬಂದಿದ್ದಳು.

"ಸುಡೂದ್ಯಾಕ ಪ್ರಭಾಕ್ಕಾ? ಆಕಳ ಹೆಂಡಿ, ಹಸರ ತೊಪ್ಪಲಾ ಕೂಡಿಸಿ ಕೊಳಸಿದ್ರ ಛಲೋ ಗೊಬ್ಬರ ಆಕ್ಕೈತಿ. ಧಾರವಾಡದ ನರ್ಸರಿಯವ್ರು ತೊಗೊಳ್ಳಾಕ ತಯಾರದಾರ."

ಪ್ರಭಾವತಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಓಡಿಹೋಗಿ ಗಂಡನಿಗೆ ಹೇಳಿದಳು. ಹನುಮೇಶ ನಕ್ಕುಬಿಟ್ಟ.

"ಬಡಿಗ್ಯಾನ ಹೇಣ್ತಿ ತಿಪ್ಪಿ ಕೆದರ್ತಾಳ ಅಂತ ಓಣ್ಯಾಗ ನಗ್ತಾರ. ನನಗ ಹಿತ್ತಲದಾಗ ಬಾಗಲಾ ಇಡಾಕ ಜಾಗಾ ಬೇಕು. ಐತವಾರದ ಮಟ ನೋಡ್ತೇನಿ. ಆಮ್ಯಾಲ ಬೆಂಕಿ ಹಚ್ಚೂದ."

ಗಡಿಬಿಡಿಯಲ್ಲಿ ಪ್ರಭಾವತಿ ಅಂಗಡಿಯನ್ನೆಲ್ಲ ಗುಡಿಸಿ ಹಿತ್ತಿಲಲ್ಲಿ ರಾಶಿ ಹಾಕಿ, ಮೇಲೆ ಒಂದಿಷ್ಟು ಸಗಣಿ ನೀರು ಚಿಮುಕಿಸಿದಳು. ಮರುದಿನವೂ ರಾಶಿ ಕೊಳೆಯುವ ಲಕ್ಷಣವಿಲ್ಲದೆ ತಣ್ಣಗೇ ಬಿದ್ದಿತ್ತು. ಹನುಮೇಶ ಮೀಸೆಯಡಿ ನಗುತ್ತಾ ಓಡಾಡಿದ.

ನಜ್ಮಾ ಬಂದು ಒಂದು ಹಿಡಿ ಎತ್ತಿ ನೋಡಿದಳು. ಬಡಿಗರ ಅಂಗಡಿಯ ಕಸಬರಿಗೆಗೆ ಭೇದಭಾವ ಎಲ್ಲಿಯದು? ಸಾಗವಾನಿ ಹೊಟ್ಟು, ಪ್ಲೈವುಡ್ ಪುಡಿ ಎಲ್ಲ ಒಂದೇ ಮೂಲೆಗೆ ಬಂದಿತ್ತು.

"ಅಂಟು, ಪಾಲಿಶ್, ಬಣ್ಣ ಇದ್ದದ್ದು ಗೊಬ್ಬರಕ್ಕ ನಡಿಯೂದಿಲ್ಲಕ್ಕಾ. ಬರೇ ಕಟಗಿ ಹೊಟ್ಟಷ್ಟ ಬೇಕು. ಹೆಂಡಿನೂ ಇಷ್ಟ ಸಾಲೂದಿಲ್ಲ, ಧಾರಾಳ ಹಾಕಬೇಕು."

ಇಬ್ಬರೂ ಸೆರಗು ಕಟ್ಟಿ ನಿಂತರು. ಹಳೆಯ ರಾಶಿ ಬದಿಗೆ ಸರಿಸಿ, ಪ್ಲೈವುಡ್ ಪುಡಿ ಸೇರದ ಹೊಸ ಹೊಟ್ಟು, ಅದರ ಮೇಲೆ ಸಗಣಿ, ಅದರ ಮೇಲೆ ಹಸಿ ಸೊಪ್ಪು, ಹೀಗೆ ಪದರು ಪದರಾಗಿ ಎದೆಮಟ್ಟ ಏರಿಸಿದರು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ನೀರು ಹಾಕಿದರು.

ಐತವಾರ ಬೆಳಿಗ್ಗೆ ಹಿತ್ತಿಲಿಗೆ ಹೋದ ಹನುಮೇಶನ ಜೀವ ಬಾಯಿಗೆ ಬಂತು. ರಾಶಿಯಿಂದ ಬೆಳ್ಳಗೆ ಹೊಗೆಯಂಥದ್ದು ಏಳುತ್ತಿತ್ತು. ಮರದ ಕೆಲಸದವನಿಗೆ ಬೆಂಕಿಯಷ್ಟು ಭಯ ಬೇರೆ ಯಾವುದಿದೆ? ಪಕ್ಕದಲ್ಲೇ ಹೊಸ ಚೌಕಟ್ಟುಗಳಿದ್ದವು. ತುಂಬಿದ ಕೊಡ ಎತ್ತಿಕೊಂಡು ಓಡಿಬಂದ. ಪ್ರಭಾವತಿ ಅಡ್ಡ ನಿಂತಳು.

"ನೀರ ಸುರೀಬ್ಯಾಡ್ರಿ. ಕೈ ಹಾಕಿ ನೋಡ್ರಿ."

ಹನುಮೇಶ ಕೈ ತೂರಿಸಿ, ಬಿಸಿ ತಾಗಿ ಸರಕ್ಕನೆ ಎಳೆದುಕೊಂಡ. ಸುಟ್ಟ ವಾಸನೆ ಇರಲಿಲ್ಲ, ಬರೀ ಹಬೆ.

"ಸುಡಾಕತ್ತಿಲ್ರಿ, ಕೊಳ್ಯಾಕತ್ತೈತಿ. ಒಳಗ ಕಣ್ಣಿಗೆ ಕಾಣದ ಜೀವ ಕೆಲಸಾ ಮಾಡೂಮುಂದ ಹಿಂಗ ಕಾವು ಬರ್ತೈತಂತ."

ಹನುಮೇಶ ಕೊಡ ಕೆಳಗಿಟ್ಟ. ಇನ್ನೊಮ್ಮೆ ಕೈ ಹಾಕಿದ, ಮತ್ತೊಮ್ಮೆ ಹಾಕಿದ. ನಜ್ಮಾ ಬರುವಷ್ಟರಲ್ಲಿ ಅವನಿಗೇ ಅವಸರ ಹತ್ತಿತ್ತು.

"ಹಂಗಾರ ನಾಳೆ ಚೀಲಾ ತುಂಬೂಣೇನವಾ?"

"ಲಗೂ ಮಾಡಬ್ಯಾಡ್ರಿ ಅಣ್ಣಾರ. ಅರ್ಧಾ ಕೊಳೆತದ್ದು ಹಾಕಿದ್ರ ಗಿಡಾ ಹಳದಿ ಬೀಳ್ತಾವು. ಆಗಾಗ ಮಗಚಿ, ನೀರ ಚಿಮುಕಸ್ರಿ. ಐದಾರು ತಿಂಗಳಿಗೆ ತಣ್ಣಗ, ಕರ್ರಗ ಆಗಿ, ಮಣ್ಣಿನ ವಾಸನಿ ಬಂದ್ರ ಆತು."

ಬಾಗಿಲುಗಳನ್ನು ಅಂಗಡಿಯೊಳಗೇ ಒತ್ತಿಟ್ಟು ಹನುಮೇಶ ರಾಶಿಗೆ ಜಾಗ ಬಿಟ್ಟುಕೊಟ್ಟ. ಸಲಿಕೆ ಹಿಡಿದು ಮಗಚಿದವನೂ ಅವನೇ. ಆರು ತಿಂಗಳ ಮೇಲೆ ಮೊದಲ ಗೊಬ್ಬರ ಧಾರವಾಡದ ಮಾಳಮಡ್ಡಿ ಬಡಾವಣೆಯ ಮನೆಗಳ ಕುಂಡಗಳಿಗೆ ಹೋಯಿತು, ಬೆನ್ನಿಗೇ ನರ್ಸರಿಯವರು ಚೀಲಗಟ್ಟಲೆ ಕೇಳಿದರು. ಈಗ ತನ್ನ ಹೊಟ್ಟು ಸಾಲದೆ ಅವನು ಬೇರೆ ಬಡಿಗರ ಅಂಗಡಿಗಳ ಮುಂದೆ ಹೊಟ್ಟು ಕೇಳುತ್ತಾ ನಿಂತಿರುತ್ತಾನೆ. ಪ್ಲೈವುಡ್ ಪುಡಿ ಕಂಡರೆ ಚೀಲ ವಾಪಸ್. ಸಂಜೆ ಶೇವಂತೆವ್ವ ಹಿತ್ತಿಲಲ್ಲೇ ಕೂತು, ಕೆಮ್ಮಿಲ್ಲದೆ ಆರಾಮಾಗಿ ಚಹಾ ಕುಡಿಯುತ್ತಾಳೆ.

ಸಂಘದ ಅಕ್ಕ ತಂಗಿಯರೇ, ನಿಮ್ಮ ಓಣಿಯಲ್ಲೂ ಬಡಿಗರ ಅಂಗಡಿ ಇದ್ದೀತು, ಕಟ್ಟಿಗೆ ಅಡ್ಡೆ ಇದ್ದೀತು. ಇವತ್ತೇ ಹೋಗಿ ಹೊಟ್ಟು ಬೇರೆ, ಪ್ಲೈವುಡ್ ಪುಡಿ ಬೇರೆ ಇಡಲು ಹೇಳಿ. ನಾಲ್ಕು ಮಂದಿ ಕೂಡಿ ಒಂದು ರಾಶಿ ಹಾಕಿ ನೋಡಿ. ಸುಟ್ಟರೆ ಅದರ ಹೊಗೆ ನುಂಗುವವರು ನಮ್ಮ ಮನೆಯವರೇ.